ಎರಡನೇ ಡ್ರೈವ್‌ಗೆ ಇಡುವ ದುಡ್ಡು

ಲೆಕ್ಕಪತ್ರ, ತೆರಿಗೆ, ಡಿಟಿಪಿ, ಕಟ್ಟಡದ ನಕ್ಷೆ, ಯಾವ ಕಸುಬೇ ಇರಲಿ, ಸಣ್ಣ ಕಚೇರಿಯೊಂದರ ದುಡಿಮೆ ಪೂರ್ತಿ ಒಂದು ಕಂಪ್ಯೂಟರಿನ ಮೇಲೆ ನಿಂತಿದ್ದರೆ, ಅದಕ್ಕೆ ಎಸ್‌ಎಸ್‌ಡಿ ಕೊಳ್ಳಲು ಹೋದವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವುದು ಹೆಚ್ಚು ಬಾಳಿಕೆ ಬರುತ್ತದೆ? ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ, ಟಿಬಿಡಬ್ಲ್ಯೂ ಎಂಬ ಅಂಕಿ. ಡ್ರೈವ್ ಎಷ್ಟು ಟೆರಾಬೈಟ್ ಬರೆಯುವವರೆಗೆ ಕಂಪನಿ ವಾರಂಟಿ ಕೊಡುತ್ತದೆ ಎನ್ನುವ ಲೆಕ್ಕ ಅದು. ಸ್ಯಾಮ್‌ಸಂಗ್ 870 ಇವೊ 500 ಜಿಬಿಗೆ 300, ಒಂದು ಟಿಬಿಯದಕ್ಕೆ 600. ಅಂಕಿ ಸುಳ್ಳಲ್ಲ. ಆದರೆ ಆ ಅಂಕಿ ನೋಡಿ ಹೆಚ್ಚು ಹಣ ಕೊಡುವುದು, ನಮಗೆ ಬಾರದ ಕಾಯಿಲೆಗೆ ವಿಮೆ ಮಾಡಿಸಿದಂತೆ.

ಲೆಕ್ಕ ಹಾಕಿ ನೋಡಿ. ಟ್ಯಾಲಿ, ಎಕ್ಸೆಲ್, ಬ್ರೌಸರ್, ಮೇಲ್ ಇಷ್ಟರಲ್ಲೇ ದಿನ ಕಳೆಯುವ ಕಂಪ್ಯೂಟರ್ ದಿನಕ್ಕೆ 20 ಜಿಬಿ ಬರೆಯುತ್ತದೆ ಎಂದು ಧಾರಾಳವಾಗಿಯೇ ಹಿಡಿಯೋಣ. ವರ್ಷಕ್ಕೆ 7.3 ಟಿಬಿ. 300 ಟಿಬಿ ಮುಗಿಯಲು 41 ವರ್ಷ ಬೇಕು. ವಾರಂಟಿಯೋ ಐದೇ ವರ್ಷಕ್ಕೆ ಮುಗಿಯುತ್ತದೆ. ಆ 300 ಟಿಬಿ ಮಿತಿಯಾದರೂ ಡ್ರೈವ್ ಸಾಯುವ ಗಡುವಲ್ಲ. ಟೆಕ್ ರಿಪೋರ್ಟ್ ಎಂಬ ತಂತ್ರಜ್ಞಾನ ಜಾಲತಾಣ 2013ರಿಂದ 2015ರವರೆಗೆ ಆರು ಡ್ರೈವ್‌ಗಳ ಮೇಲೆ ಹಗಲೂ ರಾತ್ರಿ ಬರೆಯುತ್ತಲೇ ಹೋಯಿತು. 250 ಜಿಬಿ ಆಸುಪಾಸಿನ ಆ ಡ್ರೈವ್‌ಗಳಲ್ಲಿ ಮೊದಲು ಸೋತವೂ 700 ಟಿಬಿ ದಾಟಿದ್ದವು. ಕೊನೆಗೆ ಉಳಿದದ್ದು 2,000 ಟಿಬಿಯನ್ನೂ ಮೀರಿತು. ದಿನವಿಡೀ ವಿಡಿಯೊ ಎಡಿಟ್ ಮಾಡುವವರ ಮಾತು ಬೇರೆ. ಉಳಿದವರ ಎಸ್‌ಎಸ್‌ಡಿ ಸವೆದು ಸಾಯುವುದಿಲ್ಲ.

ಹಾಗಾದರೆ ಹೇಗೆ ಸಾಯುತ್ತದೆ? ಬಹಳ ಸಲ ಡ್ರೈವ್‌ನೊಳಗಿನ ಕಂಟ್ರೋಲರ್ ಕೈಕೊಡುತ್ತದೆ, ಅದನ್ನು ನಡೆಸುವ ಫರ್ಮ್‌ವೇರ್ ಎಡವುತ್ತದೆ, ಇಲ್ಲವೇ ಬರೆಯುತ್ತಿರುವಾಗಲೇ ಕರೆಂಟ್ ಹೋಗುತ್ತದೆ. ಇಂಟೆಲ್‌ನ 320 ಸರಣಿಯ ಕೆಲವು ಡ್ರೈವ್‌ಗಳು 2011ರಲ್ಲಿ ಕರೆಂಟ್ ಹೋಗಿ ಬಂದ ಮೇಲೆ ತಮ್ಮ ಗಾತ್ರ ಬರೀ 8 ಎಂಬಿ ಎಂದು ತೋರಿಸತೊಡಗಿದವು. ಕ್ರೂಶಿಯಲ್ ಎಂ4 ಒಟ್ಟು 5,184 ಗಂಟೆ ಚಾಲೂ ಇದ್ದ ಮೇಲೆ ಗಂಟೆಗೊಮ್ಮೆ ಕಂಪ್ಯೂಟರನ್ನೇ ಸ್ಥಗಿತಗೊಳಿಸುತ್ತಿತ್ತು. ಪರಿಹಾರದ ಫರ್ಮ್‌ವೇರ್ ಬಂದದ್ದು 2012ರ ಜನವರಿಯಲ್ಲಿ. ದುಬಾರಿ ವರ್ಗಕ್ಕೆ ಸೇರಿದ ಸ್ಯಾಮ್‌ಸಂಗ್ 980 ಪ್ರೊ ಡ್ರೈವ್‌ಗಳಲ್ಲಿ ಕೆಲವು ಫರ್ಮ್‌ವೇರ್ ದೋಷದಿಂದ ಓದಲಷ್ಟೇ ಬರುವಂತಾಗಿ ಕೂತವು. ಇವು ಯಾವುವೂ ಕಳಪೆ ಮಾಲಲ್ಲ, ಹೆಸರಾಂತ ಕಂಪನಿಗಳ ಮಾಲು. ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಗೂಗಲ್‌ನ ಎಂಜಿನಿಯರುಗಳ ಜೊತೆ 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು: ಹೆಚ್ಚು ಬೆಲೆಯ ಎಸ್‌ಎಲ್‌ಸಿ ಬಗೆಯ ಚಿಪ್ ಇರುವ ಡ್ರೈವ್‌ಗಳು ಅಗ್ಗದ ಎಂಎಲ್‌ಸಿ ಬಗೆಯವಕ್ಕಿಂತ ನಂಬಿಕಸ್ಥವೇನೂ ಆಗಿರಲಿಲ್ಲ. ಎಸ್‌ಎಸ್‌ಡಿ ಬದಲಿಸಬೇಕಾಗಿ ಬಂದದ್ದು ಹಾರ್ಡ್ ಡಿಸ್ಕ್‌ಗಿಂತ ಕಡಿಮೆ, ಆದರೆ ಓದಲಾಗದೆ ಮಾಹಿತಿ ಕಳೆಯುವುದು ಹೆಚ್ಚು.

ನನ್ನ ವಾದದ ತಿರುಳಿರುವುದು 2019ರ ನವೆಂಬರ್‌ನಲ್ಲಿ ಎಚ್‌ಪಿ ಎಂಟರ್‌ಪ್ರೈಸ್ ಕಂಪನಿ ತನ್ನ ಗ್ರಾಹಕರಿಗೆ ಕಳಿಸಿದ ಎಚ್ಚರಿಕೆಯಲ್ಲಿ. ಅದರ ಸರ್ವರ್‌ಗಳಲ್ಲಿದ್ದ ಕೆಲವು ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ, ಚಾಲೂ ಇದ್ದ ಮೇಲೆ ಸಾಯುತ್ತಿದ್ದವು. ಸತ್ತ ಮೇಲೆ ಡ್ರೈವೂ ಸಿಗದು, ಮಾಹಿತಿಯೂ ಸಿಗದು. ಒಟ್ಟಿಗೆ ಚಾಲೂ ಮಾಡಿದ ಡ್ರೈವ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ಹೋಗುತ್ತವೆ ಎಂದೂ ಕಂಪನಿಯೇ ಹೇಳಿತ್ತು. ಒಂದು ಹೋದರೆ ಇನ್ನೊಂದಿರಲಿ ಎಂದು ಒಂದೇ ಮಾದರಿಯ ಜೋಡಿ ತಂದು, ಒಂದೇ ದಿನ ಕೂರಿಸಿ, ಎರಡರಲ್ಲೂ ಒಂದೇ ಮಾಹಿತಿ ಬರೆಯುವ ರೇಡ್ ಮಾಡಿಕೊಂಡವರ ಗತಿ ಏನು? ಸುರಕ್ಷೆಗೆಂದು ಎರಡು ಪಟ್ಟು ಖರ್ಚು ಮಾಡಿ ಅದೇ ಅಪಾಯವನ್ನು ಎರಡು ಸಲ ಕೊಂಡಂತಾಯಿತು. ಠೇವಣಿ ಇಡುವಾಗ ನಮಗೆ ಈ ವಿವೇಕವಿದೆ. ಒಂದೇ ಸೊಸೈಟಿಯ ಎರಡು ಶಾಖೆಗಳಲ್ಲಿ ಇಟ್ಟು ಅಪಾಯ ಹಂಚಿದೆವು ಎಂದು ಯಾರೂ ಅಂದುಕೊಳ್ಳುವುದಿಲ್ಲ. ಆದ್ದರಿಂದ ಕೆಲಸದ ಕಂಪ್ಯೂಟರಿನಲ್ಲಿ ಹಣ ಕೊಟ್ಟು ಕೊಳ್ಳಬೇಕಾದದ್ದು ಬಾಳಿಕೆಯನ್ನಲ್ಲ, ಭಿನ್ನತೆಯನ್ನು: ಬೇರೆ ಕಂಪನಿಯ, ಬೇರೆ ಸಮಯಕ್ಕೆ ತಂದ, ಸಾಧ್ಯವಾದರೆ ಬೇರೆ ತಂತ್ರದ ಇನ್ನೊಂದು ಪ್ರತಿ.

ರೂಪಾಯಿಯಲ್ಲಿ ಹೇಳುವುದಾದರೆ, ಅಮೆರಿಕದ ಬ್ಲ್ಯಾಕ್‌ಬ್ಲೇಜ್ ಕಂಪನಿ ತನ್ನ ಸರ್ವರ್‌ಗಳ ಎಸ್‌ಎಸ್‌ಡಿಗಳ ಬಗ್ಗೆ ಪ್ರಕಟಿಸಿದ ವರದಿಗಳಲ್ಲಿ ಕೆಡುವ ಪ್ರಮಾಣ ವರ್ಷಕ್ಕೆ ಸುಮಾರು ನೂರಕ್ಕೊಂದು. ಐದು ವರ್ಷಕ್ಕೆ ನೂರಕ್ಕೆ ಐದು ಎನ್ನೋಣ. ತೆರಿಗೆ ಕೆಲಸದ ಕಚೇರಿಯೊಂದರ ಮಾಹಿತಿ ಹೋದರೆ ಜನರನ್ನು ಕೂರಿಸಿ ಮತ್ತೆ ಎಂಟ್ರಿ ಮಾಡಿಸುವ ಸಂಬಳ, ಜಿಎಸ್‌ಟಿ ರಿಟರ್ನ್ ತಡವಾದದ್ದಕ್ಕೆ ಪ್ರತಿ ಗ್ರಾಹಕನ ಪರವಾಗಿ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಕೈಬಿಟ್ಟುಹೋಗುವ ಗ್ರಾಹಕರು, ಎಲ್ಲ ಸೇರಿ ಎರಡು ಲಕ್ಷ ನಷ್ಟ ಎಂದಿಟ್ಟುಕೊಳ್ಳಿ. ನಿರೀಕ್ಷಿತ ನಷ್ಟ 10,000 ರೂಪಾಯಿ. ದುಬಾರಿ ಡ್ರೈವ್ ಆ ಸಾಧ್ಯತೆಯನ್ನು ಅರ್ಧಕ್ಕಿಳಿಸುತ್ತದೆ ಎಂದು ಉದಾರವಾಗಿ ನಂಬಿದರೂ ಉಳಿಯುವುದು 5,000. ನಿನ್ನೆ ಸಂಜೆಯ ಪ್ರತಿಯೊಂದು ಪಕ್ಕದಲ್ಲಿದ್ದರೆ ಆ ಎರಡು ಲಕ್ಷವೇ ಒಂದು ದಿನದ ಕೆಲಸಕ್ಕೆ ಇಳಿಯುತ್ತದೆ. ದಿನಕ್ಕೆ ಐದು ಸಾವಿರ ಎಂದರೂ ನಿರೀಕ್ಷಿತ ನಷ್ಟ 250 ರೂಪಾಯಿ. ಇನ್ನೊಂದು ಮಾತು: ಸರಾಸರಿಯೆಲ್ಲ ಸಾವಿರಾರು ಡ್ರೈವ್ ಇಟ್ಟವರಿಗೆ. ಒಂದೇ ಡ್ರೈವ್ ಇರುವ ಕಚೇರಿಗೆ ನೂರಕ್ಕೆ ಐದರಷ್ಟು ನಷ್ಟ ಆಗುವುದಿಲ್ಲ, ಆಗುವುದಾದರೆ ಪೂರ್ತಿಯೇ ಆಗುತ್ತದೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ, ಡೇಟಾ ಸೆಂಟರ್ ದರ್ಜೆಯ ಡ್ರೈವನ್ನೇ ಯಾಕೆ ಹಾಕಬಾರದು ಎಂಬುದು. ಹಾಕಬಹುದು. ಕಿಂಗ್‌ಸ್ಟನ್ ಡಿಸಿ600ಎಂ ತರಹದ ಡ್ರೈವ್‌ಗಳಲ್ಲಿ ಕೆಪಾಸಿಟರ್‌ಗಳಿರುತ್ತವೆ. ಕರೆಂಟ್ ಹೋದ ಗಳಿಗೆಯಲ್ಲಿ ಕೈಯಲ್ಲಿದ್ದ ಮಾಹಿತಿಯನ್ನು ಬರೆದು ಮುಗಿಸುವಷ್ಟು ವಿದ್ಯುತ್ತನ್ನು ಅವು ಹಿಡಿದಿಟ್ಟಿರುತ್ತವೆ. ಬಹುತೇಕ ಸಾಮಾನ್ಯ ಡ್ರೈವ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಲ್ಯಾಬ್ಸ್‌ನ ಸಂಶೋಧಕರು 2013ರಲ್ಲಿ 15 ಎಸ್‌ಎಸ್‌ಡಿಗಳಿಗೆ ಬೇಕೆಂದೇ ಕರೆಂಟ್ ತೆಗೆದು ನೋಡಿದಾಗ 13 ಒಂದಲ್ಲ ಒಂದು ರೀತಿ ಎಡವಿದವು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಎನ್‌ವಿಎಂಇ ಡ್ರೈವ್ ತೆರೆದರೆ ‘ಅನ್‌ಸೇಫ್ ಶಟ್‌ಡೌನ್ಸ್’ ಎಂಬ ಸಾಲು ಕಾಣುತ್ತದೆ. ಡ್ರೈವ್‌ಗೆ ಹೇಳದೆ ಎಷ್ಟು ಸಲ ಕರೆಂಟ್ ಕಿತ್ತಿದ್ದೀರಿ ಎಂಬ ಲೆಕ್ಕ ಅದು. ಮಳೆಗಾಲದಲ್ಲಿ ಮಲೆನಾಡಿನ ಯಾವ ಡೆಸ್ಕ್‌ಟಾಪ್‌ನಲ್ಲೂ ಆ ಸಂಖ್ಯೆ ಸುಮ್ಮನಿರುವುದಿಲ್ಲ. ಹಾಗಾಗಿ ಡೆಸ್ಕ್‌ಟಾಪ್‌ಗೆ ಒಳ್ಳೆಯ ಯುಪಿಎಸ್, ಅದರ ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವ ಖರ್ಚು, ಕೈಯಲ್ಲಿ ದುಡ್ಡಿದ್ದರೆ ಕೆಪಾಸಿಟರ್ ಇರುವ ಡ್ರೈವ್, ಇವು ದಂಡದ ಖರ್ಚಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿಯೇ ಸಾಕು. ಆದರೆ 32,768 ಗಂಟೆಗೆ ಸತ್ತವೂ ಸರ್ವರ್ ದರ್ಜೆಯ ಡ್ರೈವ್‌ಗಳೇ. ದರ್ಜೆ ಏರಿದರೆ ಒಂದು ಕಾರಣ ಕಳೆಯುತ್ತದೆ, ಉಳಿದವು ಉಳಿಯುತ್ತವೆ.

ಕ್ಲೌಡ್ ಇದೆಯಲ್ಲ ಎನ್ನುವವರಿಗೆ: ಇರಲಿ, ಅದೂ ಭಿನ್ನತೆಯೇ. ಆದರೆ ತಾನೇ ಸಿಂಕ್ ಆಗುವ ಫೋಲ್ಡರ್ ನೀವು ಅಳಿಸಿದ್ದನ್ನು ಅಲ್ಲಿಯೂ ಅಳಿಸುತ್ತದೆ. ಹಳೆಯ ಆವೃತ್ತಿ ಎಷ್ಟು ದಿನ ಸಿಗುತ್ತದೆಂದು ನೋಡಿಕೊಳ್ಳದೆ ಅದನ್ನು ಬ್ಯಾಕಪ್ ಅನ್ನುವಂತಿಲ್ಲ. ಹೋದದ್ದನ್ನು ರಿಕವರಿಯವರಿಂದ ತೆಗೆಸಬಹುದು ಎಂಬ ಧೈರ್ಯವಂತೂ ಹಾರ್ಡ್ ಡಿಸ್ಕ್ ಕಾಲದ್ದು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಕಂಪ್ಯೂಟರಿನಿಂದ ಟ್ರಿಮ್ ಎಂಬ ಆದೇಶ ಬಂದ ಮೇಲೆ ಡ್ರೈವೇ ಒರೆಸಿ ಹಾಕುತ್ತದೆ. ಮತ್ತೆ, ಎರಡನೇ ಪ್ರತಿಗೂ ಎಸ್‌ಎಸ್‌ಡಿಯನ್ನೇ ತಂದು ಬೀರುವಿನಲ್ಲಿಡಬೇಡಿ. ಪೂರ್ತಿ ಸವೆದ ಸಾಮಾನ್ಯ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಡಬೇಕು ಎಂಬುದಷ್ಟೇ ಚಿಪ್ ಉದ್ಯಮದ ಜೆಡೆಕ್ ಸಂಸ್ಥೆಯ ಮಾನದಂಡ. ಬಿಸಿ ಏರಿದಷ್ಟೂ ಆ ಅವಧಿ ಕುಗ್ಗುತ್ತದೆ. ಕಲಬುರಗಿಯ ಮೇ ತಿಂಗಳನ್ನು ಅದು ಲೆಕ್ಕಕ್ಕೆ ಹಿಡಿದಿಲ್ಲ. ಹೊಸದಕ್ಕೆ ಇಷ್ಟು ಭಯ ಬೇಡ, ಆದರೂ ಇಟ್ಟುಬಿಡುವ ಪ್ರತಿಗೆ ಹಳೆಯ ತಿರುಗುವ ಹಾರ್ಡ್ ಡಿಸ್ಕೇ ಅಗ್ಗ, ಅದರ ಸಾವಿನ ಕಾರಣಗಳೂ ಬೇರೆ.

ಒಳಗಿನ ಡ್ರೈವ್ ಆರಿಸುವಾಗ ನಾನು ನೋಡುವುದು ಮೂರ್ನಾಲ್ಕು ಸಂಗತಿ: ಟಿಎಲ್‌ಸಿ ಬಗೆಯ ಚಿಪ್ ಇರಲಿ, ಐದು ವರ್ಷದ ವಾರಂಟಿ ಇರಲಿ, ಮಾರುಕಟ್ಟೆಗೆ ಬಂದು ವರ್ಷವಾದರೂ ಆಗಿರಲಿ, ಕಂಪನಿ ಫರ್ಮ್‌ವೇರ್ ಅಪ್‌ಡೇಟ್ ಕೊಡುತ್ತಿರಲಿ. ವಿಮರ್ಶೆಗಳನ್ನು ಅರ್ಧ ನಂಬಿ. 2021ರಲ್ಲಿ ಕ್ರೂಶಿಯಲ್ ಪಿ2, ಡಬ್ಲ್ಯೂಡಿ ಎಸ್‌ಎನ್550 ಎರಡರಲ್ಲೂ ಹೆಸರು ಅದೇ ಇಟ್ಟು ಒಳಗಿನ ಚಿಪ್ ಬದಲಿಸಲಾಗಿತ್ತು. ಡ್ರೈವ್‌ನ ಮಾಹಿತಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಮೊದಲೇ ಹಾಕಿಕೊಳ್ಳಿ, ವಾರಂಟಿಗೆ ಕೊಡುವಾಗ ಗ್ರಾಹಕರ ಪಾನ್, ಬ್ಯಾಂಕ್ ವಿವರ ಸಮೇತ ಡ್ರೈವನ್ನೇ ಒಪ್ಪಿಸಬೇಕಾಗುತ್ತದೆ. ಅದರ ರಿಕವರಿ ಕೀ ಬೇರೆ ಕಡೆ ಇರಲಿ. ಬಿಲ್ ನಿಮ್ಮ ಜಿಎಸ್‌ಟಿ ಸಂಖ್ಯೆಗೇ ಆಗಲಿ, ಶೇಕಡಾ 18 ತೆರಿಗೆಯ ಕ್ರೆಡಿಟ್ ಸಿಗುತ್ತದೆ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಶೇಕಡಾ 40 ಸವಕಳಿ ಇದೆ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರರ್ಧ. ಆದಾಯವನ್ನು ಅಂದಾಜಿನ ಮೇಲೆ ಘೋಷಿಸುವ ವೃತ್ತಿನಿರತರಿಗೆ ಮಾತ್ರ ಇದನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಅವರು ಎರಡೂ ಡ್ರೈವ್‌ಗಳ ಬೆಲೆಯನ್ನು ಕೈಯಿಂದಲೇ ಹೋಯಿತೆಂದು ಹಿಡಿದು ಮೇಲಿನ ಲೆಕ್ಕ ಮತ್ತೊಮ್ಮೆ ಮಾಡಿಕೊಳ್ಳಲಿ. ಉತ್ತರ ಬದಲಾಗದು.