ಹಗುರ ಬಾಗಿಲಿನ ಭಾರದ ಲೆಕ್ಕ

ಈ ಸಲ ನಾವು ಎತ್ತಿಕೊಂಡಿರುವ ವಿಷಯ ಗ್ಯಾರೇಜ್ ಬಾಗಿಲು. ನಮ್ಮ ಕಡೆ ಕಾರು ನಿಲ್ಲೋದು ಗೇಟಿನ ಒಳಗೆ, ಇಲ್ಲಾಂದ್ರೆ ರಸ್ತೆ ಪಕ್ಕ. ಹಾಗಾಗಿ "ಇದು ನಮಗ್ಯಾಕೆ?" ಅಂತ ನೀವು ಕೇಳಬಹುದು. ಎರಡು ಕಾರಣ ಇದೆ. ನಮ್ಮ ಸೀನಿಯರ್‌ಗಳು ಎಂಎಸ್‌ಗೆ ಅಂತ ಅಮೆರಿಕಕ್ಕೆ ಹೋಗ್ತಾರೆ, ಎಷ್ಟೋ ಜನರ ಅಕ್ಕ-ಭಾವ ಅಲ್ಲೇ ಮನೆ ಮಾಡಿದ್ದಾರೆ. ಅಲ್ಲಿನ ಮನೆಗಳಲ್ಲಿ ದಿನಾ ಓಡಾಡುವ ಅತಿ ದೊಡ್ಡ ಯಂತ್ರ ಅಂದ್ರೆ ಈ ಬಾಗಿಲೇ. ಇನ್ನೊಂದು, ಇದರ ಒಳಗಿನ ಸೂತ್ರವೇ ನಮ್ಮೂರಿನ ಅಂಗಡಿ ಶಟರ್‌ಗಳಲ್ಲೂ ಇದೆ. ಆ ವಿಚಾರಕ್ಕೆ ಕೊನೆಯಲ್ಲಿ ಬರ್ತೀವಿ.

ಒಂದು ಸಾಧಾರಣ ಉಕ್ಕಿನ ಗ್ಯಾರೇಜ್ ಬಾಗಿಲು 70 ಕೆಜಿ ತೂಗುತ್ತೆ ಅಂತಿಟ್ಟುಕೊಳ್ಳಿ, ಎತ್ತರ 2.1 ಮೀಟರ್. ಎಲ್ಲ ಸರಿಯಿದ್ದಾಗ ಇದನ್ನು ಅಜ್ಜಿಯೂ ಒಂದು ಕೈಯಲ್ಲಿ ಎತ್ತಬಹುದು. ಹಾಗಾದ್ರೆ ಆ ಭಾರ ಎಲ್ಲಿ ಹೋಯ್ತು? ಮೋಟರ್ ಎತ್ತುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ತಪ್ಪು. ಮೋಟರ್ ಬರೀ ಘರ್ಷಣೆ ಮತ್ತು ಸ್ವಲ್ಪ ಹೆಚ್ಚುಕಮ್ಮಿಯನ್ನು ನೋಡಿಕೊಳ್ಳುತ್ತೆ. ಭಾರ ಹೊರೋದು ಬಾಗಿಲಿನ ಮೇಲೆ, ಗೋಡೆಗೆ ಕೂತಿರುವ ಟಾರ್ಷನ್ ಸ್ಪ್ರಿಂಗ್.

ರಚನೆ ಸರಳ. ಮೇಲೆ ಅಡ್ಡಲಾಗಿ ಒಂದು ಶಾಫ್ಟ್, ಅದರ ಎರಡೂ ತುದಿಗೆ ಡ್ರಮ್, ಡ್ರಮ್‌ನಿಂದ ಕೆಳಗಿಳಿದ ಉಕ್ಕಿನ ಕೇಬಲ್ ಬಾಗಿಲಿನ ಕೆಳ ಮೂಲೆಯ ಬ್ರಾಕೆಟ್‌ಗೆ ಕಟ್ಟಿರುತ್ತೆ. ಬಾಗಿಲು ಇಳಿದಾಗ ಶಾಫ್ಟ್ ತಿರುಗಿ ಸ್ಪ್ರಿಂಗ್ ಬಿಗಿಯಾಗುತ್ತೆ. ಏರಿದಾಗ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಬಾಗಿಲನ್ನು ಎಳೆಯುತ್ತೆ. ಬಾಗಿಲು ಮೇಲೆ ಹೋದ ಹಾಗೆ ಒಂದೊಂದೇ ಪಟ್ಟಿ ಅಡ್ಡ ಹಳಿಗೆ ಹೊರಳಿಕೊಳ್ಳೋದರಿಂದ ಕೇಬಲ್ ಮೇಲಿನ ಭಾರವೂ ಕಮ್ಮಿಯಾಗ್ತಾ ಬರುತ್ತೆ, ಸ್ಪ್ರಿಂಗ್‌ನ ಟಾರ್ಕ್ ಕೂಡ ಅದೇ ಪ್ರಮಾಣದಲ್ಲಿ ಇಳಿಯುತ್ತೆ. ಇದನ್ನು ಮೊದಲು ಯೋಚಿಸಿದವರಿಗೆ ಒಂದು ನಮಸ್ಕಾರ.

ಈಗ ಲೆಕ್ಕ. ಒಂದೇ ಸ್ಪ್ರಿಂಗ್, ಡ್ರಮ್ ತ್ರಿಜ್ಯ 5 ಸೆಂಟಿಮೀಟರ್ ಅನ್ನೋಣ. ಮುಚ್ಚಿದಾಗ ಬೇಕಾದ ಟಾರ್ಕ್ 70 × 9.8 × 0.05, ಅಂದ್ರೆ ಸುಮಾರು 34 ನ್ಯೂಟನ್ ಮೀಟರ್. 2.1 ಮೀಟರ್ ಕೇಬಲ್ ಸುತ್ತೋಕೆ ಡ್ರಮ್ ಸುಮಾರು 6.7 ಸುತ್ತು ತಿರುಗಬೇಕು, ರೇಡಿಯನ್‌ನಲ್ಲಿ 42. ಶಕ್ತಿ ಅಂದ್ರೆ ಟಾರ್ಕ್ ಮತ್ತು ಕೋನದ ಗುಣಲಬ್ಧದ ಅರ್ಧ: ಸುಮಾರು 720 ಜೂಲ್. 160 ಗ್ರಾಂ ತೂಕದ ಕ್ರಿಕೆಟ್ ಚೆಂಡು ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಬಂದ್ರೆ ಅದರಲ್ಲಿರೋದು ಸುಮಾರು 130 ಜೂಲ್. ಅಂಥ ಐದು ಚೆಂಡುಗಳಿಗಿಂತ ಹೆಚ್ಚು ಶಕ್ತಿ ಮುಚ್ಚಿದ ಬಾಗಿಲಿನ ಮೇಲೆ ಸದ್ದಿಲ್ಲದೆ ಕೂತಿದೆ.

ನಮ್ಮಂಥವರಿಗೆ, ಅಂದ್ರೆ ಎಸ್‌ಓಎಂ ಪಾಸಾದೆವು, ಇನ್ನೇನು ಬೇಕು ಅನ್ನೋ ಇಂಜಿನಿಯರ್‌ಗಳಿಗೆ, ಅಪಾಯ ಇರೋದು ಇಲ್ಲೇ. ಸ್ಪ್ರಿಂಗ್ ಬಿಗಿ ಮಾಡೋಕೆ ಅದರ ತುದಿಯ ಕೋನ್‌ನಲ್ಲಿರುವ ರಂಧ್ರಕ್ಕೆ ಉಕ್ಕಿನ ಸರಳು ಹಾಕಿ ಕಾಲು ಸುತ್ತು ತಿರುಗಿಸಬೇಕು, ಇನ್ನೊಂದು ಸರಳು ಹಾಕಿ ಮತ್ತೆ ಕಾಲು ಸುತ್ತು. 45 ಸೆಂಟಿಮೀಟರ್ ಸರಳಿನ ತುದಿಯಲ್ಲಿ 34 ನ್ಯೂಟನ್ ಮೀಟರ್ ಅಂದ್ರೆ ಕೈಗೆ ಸಿಗೋದು 8 ಕೆಜಿಗೂ ಕಮ್ಮಿ ಭಾರ. "ಅಯ್ಯೋ, ಇಷ್ಟೇನಾ?" ಅನ್ನಿಸುತ್ತೆ. ಆದರೆ ಕೈ ಜಾರಿದ್ರೆ ಬಿಡುಗಡೆ ಆಗೋದು ಆ 8 ಕೆಜಿ ಅಲ್ಲ, ಪೂರ್ತಿ 720 ಜೂಲ್, ಅದೂ ಕ್ಷಣದಲ್ಲಿ. ಸರಳು ಫ್ಯಾನಿನ ರೆಕ್ಕೆ ಥರ ತಿರುಗಿ ಕೈಗೋ ಮುಖಕ್ಕೋ ಹೊಡೆಯುತ್ತೆ. ಸರಿಯಾದ ಸರಳಿನ ಬದಲು ಸ್ಕ್ರೂಡ್ರೈವರ್ ತೂರಿಸೋರೂ ಇದ್ದಾರೆ. ಅದು ರಂಧ್ರದಿಂದ ಬೇಗ ಜಾರುತ್ತೆ. ಯೂಟ್ಯೂಬ್‌ನಲ್ಲಿ ಹತ್ತು ನಿಮಿಷದ ವಿಡಿಯೋ ಇದೆ, ಟೆಕ್ನಿಷಿಯನ್ ದುಬಾರಿ, ಎಲ್ಲ ನಿಜ. ಆದ್ರೂ ಸ್ಪ್ರಿಂಗ್, ಕೇಬಲ್ ಮತ್ತು ಕೆಳ ಮೂಲೆಯ ಬ್ರಾಕೆಟ್, ಈ ಮೂರಕ್ಕೆ ಕೈ ಹಾಕಬೇಡಿ ಅನ್ನೋದು ನಮ್ಮ ಖಚಿತ ಅಭಿಪ್ರಾಯ. ಬ್ರಾಕೆಟ್ ನೋಡೋಕೆ ಪಾಪದ ತಗಡಿನ ತುಂಡು, ಆದರೆ ಅದರ ಬೋಲ್ಟ್ ಬಿಚ್ಚಿದ್ರೆ ಕೇಬಲ್‌ನ ಎಳೆತ ಪೂರ್ತಿ ಅದರ ಮೇಲಿರುತ್ತೆ.

ಪರೀಕ್ಷೆಗೆ ಓದೋರಿಗೆ ಒಂದು ಮಾತು: ಹೆಸರು ಟಾರ್ಷನ್ ಸ್ಪ್ರಿಂಗ್ ಆದರೂ ಅದರ ತಂತಿಯಲ್ಲಿ ಹುಟ್ಟೋದು ಮುಖ್ಯವಾಗಿ ಬೆಂಡಿಂಗ್ ಒತ್ತಡ. ಎಳೆಯುವ ಸ್ಪ್ರಿಂಗ್‌ನ ತಂತಿಯಲ್ಲಿ ಟಾರ್ಷನ್. ವೈವಾದಲ್ಲಿ ಕೇಳೋಕೆ ಹೇಳಿ ಮಾಡಿಸಿದಂಥ ಪ್ರಶ್ನೆ.

ಸಾಮಾನ್ಯ ಸ್ಪ್ರಿಂಗ್‌ಗೆ 10,000 ಸೈಕಲ್ ಆಯಸ್ಸು ಅಂತ ಲೆಕ್ಕ. ದಿನಕ್ಕೆ ನಾಲ್ಕು ಸಲ ತೆರೆದು ಮುಚ್ಚಿದ್ರೆ ಏಳು ವರ್ಷದ ಒಳಗೆ ಮುಗೀತು. ತುಂಡಾದಾಗ ಲಕ್ಷ್ಮಿ ಪಟಾಕಿ ಹೊಡೆದ ಹಾಗೆ ಸದ್ದಾಗುತ್ತೆ, ಸುರುಳಿಯ ನಡುವೆ ಬಿರುಕು ಕಾಣುತ್ತೆ. ಆಮೇಲೆ ಬಾಗಿಲು ಪೂರ್ತಿ 70 ಕೆಜಿ. ಆಗ ಮೋಟರ್ ಒತ್ತಿ ಒತ್ತಿ ನೋಡಬಾರದು.

ಸ್ಪ್ರಿಂಗ್ ದುರ್ಬಲ ಆಗ್ತಿದೆ ಅಂತ ಮೊದಲೇ ತಿಳಿಯೋಕೆ ದಾರಿ ಇದೆ. ಬಾಗಿಲು ಪೂರ್ತಿ ಮುಚ್ಚಿರುವಾಗ ಮೋಟರ್‌ನಿಂದ ನೇತಾಡುವ ಕೆಂಪು ಹಗ್ಗ ಎಳೆದು ಮೋಟರ್ ಸಂಪರ್ಕ ತಪ್ಪಿಸಿ. ಕೈಯಿಂದ ಅರ್ಧಕ್ಕೆ ಎತ್ತಿ, ಹುಷಾರಾಗಿ ಹಿಡಿತ ಸಡಿಲಿಸಿ. ಅಲ್ಲೇ ನಿಂತ್ರೆ ಸಮತೋಲನ ಸರಿಯಿದೆ. ಕುಸಿದ್ರೆ ಅಥವಾ ತಾನೇ ಏರಿದ್ರೆ ಟೆಕ್ನಿಷಿಯನ್ ಕರೆಸಿ. ಬಾಗಿಲು ಮೇಲಿರುವಾಗ ಮಾತ್ರ ಆ ಹಗ್ಗ ಎಳೆಯಬೇಡಿ. ಸ್ಪ್ರಿಂಗ್ ಕೈಕೊಟ್ಟಿದ್ರೆ ಬಾಗಿಲು ಗಿಲೋಟಿನ್ ಥರ ಬೀಳುತ್ತೆ. ಬಾಗಿಲು ಬಿಗಿ ಅಂತ ಮೋಟರ್‌ನ ಫೋರ್ಸ್ ಸೆಟ್ಟಿಂಗ್ ಹೆಚ್ಚಿಸೋದು ಇನ್ನೂ ಕೆಟ್ಟ ಅಭ್ಯಾಸ. ರೋಗ ಮುಚ್ಚಿಹೋಗುತ್ತೆ, ಅಡ್ಡ ಸಿಕ್ಕವರ ಮೇಲೆ ಬೀಳೋ ಒತ್ತಡ ಏರುತ್ತೆ.

ಅಡ್ಡ ಸಿಕ್ಕವರು ಅಂದ್ರೆ ಬಹಳ ಸಲ ಮಕ್ಕಳು. ಇಳಿಯುವ ಬಾಗಿಲ ಕೆಳಗೆ ನುಸುಳೋ ಆಟ ಆಡುವಾಗ ಸಿಕ್ಕಿ ಮಕ್ಕಳು ಸತ್ತಿದ್ದಾರೆ. ಬಾಗಿಲು ಏನಕ್ಕಾದರೂ ತಾಗಿದ್ರೆ 2 ಸೆಕೆಂಡಿನಲ್ಲಿ ಹಿಂದಕ್ಕೆ ಏರಬೇಕು ಅನ್ನೋದು ಮೊದಲು ಬಂದ ರಕ್ಷಣೆ. ಆದರೆ ತಾಗಿದ ಮೇಲೆ ತಾನೇ ಅದು ಕೆಲಸ ಮಾಡೋದು? 1990ರಲ್ಲಿ ಅಮೆರಿಕದ ಕಾಯಿದೆ ಇನ್ನೊಂದು ಪದರ ಸೇರಿಸಿತು. 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಮೋಟರ್‌ಗಳಿಗೆ ಫೋಟೋ ಸೆನ್ಸರ್ ಅಥವಾ ಅಂಥದ್ದೇ ಹೊರಗಿನ ರಕ್ಷಣೆ ಕಡ್ಡಾಯ. ಸೆನ್ಸರ್ ನೆಲದಿಂದ 6 ಇಂಚಿಗಿಂತ ಮೇಲಿರಬಾರದು, ನೆಲದಲ್ಲಿ ಬಿದ್ದಿರುವ ಮಗುವೂ ಅದಕ್ಕೆ ಕಾಣಬೇಕಲ್ಲ. ಸೆನ್ಸರ್ ಪದೇ ಪದೇ ತೊಂದರೆ ಕೊಡುತ್ತೆ ಅಂತ ಎರಡನ್ನೂ ಬಿಚ್ಚಿ ಮೇಲೆ ಎದುರುಬದುರು ಅಂಟಿಸಿಡೋ ಜುಗಾಡ್ ಮಾಡೋರಿದ್ದಾರೆ. ಅದು ಹೆಲ್ಮೆಟ್ಟನ್ನ ಮೊಣಕೈಗೆ ಹಾಕ್ಕೊಂಡು ಬೈಕ್ ಓಡಿಸಿದ ಹಾಗೆ. ಬಾಗಿಲು ವಾಪಸ್ ಏರುತ್ತಾ ಅಂತ ನೋಡೋಕೆ ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ಬಾಗಿಲ ಕೆಳಗೆ ಮಲಗಿಸಿ ಮುಚ್ಚಿ. ತಾಗಿದ ಕೂಡಲೇ ಮೇಲೇರಬೇಕು. ತಿಂಗಳಿಗೊಮ್ಮೆ ಸಾಕು.

ಕರೆಂಟ್ ಹೋದಾಗಿನ ಕಥೆ ಬೇರೆ. 2017ರ ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚಿನಲ್ಲಿ ವಿದ್ಯುತ್ ಕಡಿದು, ಕೆಲವರು ಗ್ಯಾರೇಜ್ ಬಾಗಿಲು ತೆರೆಯಲಾಗದೆ ಪ್ರಾಣ ಕಳೆದುಕೊಂಡರು. 2019ರ ಜುಲೈಯಿಂದ ಆ ರಾಜ್ಯದಲ್ಲಿ ಮಾರುವ ಮನೆಬಳಕೆಯ ಹೊಸ ಮೋಟರ್‌ಗಳಿಗೆಲ್ಲ ಬ್ಯಾಟರಿ ಬ್ಯಾಕಪ್ ಇರಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ನೆಂಟರಿದ್ರೆ ಆ ಕೆಂಪು ಹಗ್ಗ ಎಲ್ಲಿದೆ ಅಂತ ಅವರ ಮನೆಯ ಹಿರಿಯರಿಗೆ ಗೊತ್ತಾ ಅಂತ ಒಮ್ಮೆ ಕೇಳಿ. ಮೊಮ್ಮಗು ನೋಡಿಕೊಳ್ಳೋಕೆ ಅಂತ ಊರಿಂದ ಹೋದ ಅಪ್ಪ-ಅಮ್ಮ ಹಗಲಿಡೀ ಮನೆಯಲ್ಲಿ ಒಬ್ಬರೇ ಇರ್ತಾರೆ.

ಇನ್ನು ನಮ್ಮ ಶಟರ್. ಮೇಲಿನ ಡಬ್ಬಿಯೊಳಗೆ, ಪೈಪಿನ ಮೇಲೆ ಸುರುಳಿ ಸ್ಪ್ರಿಂಗ್‌ಗಳಿವೆ, ಎಳೆದು ಮುಚ್ಚಿದಾಗ ಬಿಗಿಯಾಗುತ್ತವೆ. ನಿನ್ನೆವರೆಗೂ ಹಗುರವಾಗಿದ್ದ ಶಟರ್ ಇವತ್ತು ಭಾರ ಅನ್ನಿಸಿದ್ರೆ ಒಂದು ಸ್ಪ್ರಿಂಗ್ ಹೋಗಿರೋ ಸಾಧ್ಯತೆ ಇದೆ. ಗ್ರೀಸ್ ಹಚ್ಚಿ ಜೋರಾಗಿ ಎತ್ತಿ, ಅದರ ಕೆಳಗೇ ನಿಂತು ಟೀ ಕುಡಿಯೋ ಬದಲು ಶಟರ್ ರಿಪೇರಿಯವರನ್ನ ಕರೆಸೋದು ಮೇಲು. ನಮ್ಮ ಮನೆಗಳ ಸ್ಲೈಡಿಂಗ್ ಗೇಟ್‌ನಲ್ಲಿ ಮಾತ್ರ ಸ್ಪ್ರಿಂಗೇ ಇಲ್ಲ. ಭಾರವೆಲ್ಲ ಕೆಳಗಿನ ಚಕ್ರದ ಮೇಲೆ, ನೆಟ್ಟಗೆ ನಿಲ್ಲಿಸೋದು ಮೇಲಿನ ಗೈಡ್ ರೋಲರ್. ಹಳಿಯ ಕೊನೆಯಲ್ಲಿ ಸ್ಟಾಪರ್ ಇಲ್ಲದಿದ್ರೆ ಗೇಟು ಗೈಡ್ ದಾಟಿ ಹೊರಬಂದು ತಳ್ಳಿದವರ ಮೇಲೇ ಮಗುಚಿಕೊಳ್ಳುತ್ತೆ. ಕಬ್ಬಿಣದ ದೊಡ್ಡ ಗೇಟು ಸುಲಭವಾಗಿ 100 ಕೆಜಿ ದಾಟುತ್ತೆ, ಅದರ ಮೇಲೆ ಜೋತಾಡೋದು ಮಕ್ಕಳು. ಈ ವಾರ ಊರಿಗೆ ಹೋದಾಗ ನಿಮ್ಮ ಮನೆ ಗೇಟಿನ ಎರಡೂ ತುದಿ ನೋಡಿ. ಸ್ಟಾಪರ್ ಇಲ್ಲಾಂದ್ರೆ ವೆಲ್ಡಿಂಗ್ ಅಂಗಡಿಯವರಿಗೆ ಅದು ಅರ್ಧ ಗಂಟೆಯ ಕೆಲಸ.