ಆಣೆಗಿಂತ ಮೊದಲು ಆಸ್ಪತ್ರೆ

ಕುಡಿತ ಬಿಡಲು ಬಯಸುವವರ ಎ.ಎ. ಸಭೆ ಎಲ್ಲಿ ನಡೆಯುತ್ತದೆ ಎಂದು ನನ್ನನ್ನು ಕೇಳುವವರು ಹೆಚ್ಚಾಗಿ ಹೆಂಗಸರು. ಕೇಳುವುದೂ ಗುಟ್ಟಾಗಿ, ಮದುವೆಮನೆಯಲ್ಲಿ ಕೈತೊಳೆಯುವ ಕಡೆಯೋ ಬಸ್‌ಸ್ಟಾಪಿನಲ್ಲೋ. ವಿಳಾಸ ಕೊಡುವ ಮುಂಚೆ ನಾನು ಕೇಳುವುದು ಒಂದೇ: ಕುಡಿಯುವವರಿಗೆ ಬೆಳಿಗ್ಗೆ ಕೈ ನಡುಗುತ್ತದೆಯೇ, ಒಂದು ಗುಟುಕು ಹಾಕಿದ ಮೇಲೆ ನಿಲ್ಲುತ್ತದೆಯೇ? ಹೌದು ಎಂದರೆ ಮೊದಲು ಡಾಕ್ಟರ್, ಆಮೇಲೆ ಸಭೆ. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ನಮ್ಮ ಮನೆಯಲ್ಲಿ ಹೇಳುವುದು ಕೇಳುವುದೆಲ್ಲ ಭಾವನವರದು, ಅಂದರೆ ನಮ್ಮ ಯಜಮಾನರ ಅಣ್ಣನದು. ಒಂದು ಸೋಮವಾರ ತಮ್ಮನನ್ನು ನಂಜನಗೂಡಿಗೆ ಕರೆದುಕೊಂಡು ಹೋಗಿ, ಕಪಿಲೆಯಲ್ಲಿ ಮುಳುಗಿಸಿ, ಶ್ರೀಕಂಠೇಶ್ವರನ ಮುಂದೆ ಆಣೆ ಇಡಿಸಿ ತಂದುಬಿಟ್ಟರು. "ಇನ್ನು ಮುಟ್ಟಲ್ಲ ಕಣಮ್ಮ, ನೀನು ನೋಡ್ಕೊ" ಎಂದು ಊರಿನ ಬಸ್ಸು ಹತ್ತಿದರು. ವರ್ಷಗಟ್ಟಲೆ ದಿನಾ ಕುಡಿದ ಮನುಷ್ಯ ಅವತ್ತೇ ಪೂರ್ತಿ ನಿಲ್ಲಿಸಿದರು. ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು.

ಮೊದಲ ದಿನ ಬೆವರು, ವಾಂತಿ. ಮರುದಿನ ಲೋಟ ಹಿಡಿಯಲಾಗದಷ್ಟು ನಡುಕ. ಭಾವನಿಗೆ ಫೋನ್ ಮಾಡಿದರೆ "ನಾಟಕ ಅದು, ಕರಗಬೇಡ" ಎಂದರು. ಮೂರನೇ ರಾತ್ರಿ ಸದ್ದಿಗೆ ಎಚ್ಚರವಾಯಿತು. ಮಂಚದ ಮೇಲೆ ಕೂತು ಹೊದಿಕೆಯಿಂದ ಏನನ್ನೋ ಎರಡು ಬೆರಳಲ್ಲಿ ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದರು. "ಕೆಂಜಿಗ, ಕಾಣಲ್ವಾ ನಿಂಗೆ? ಮಗು ಮೇಲೆ ಹತ್ತುತ್ತೆ." ಲೈಟು ಹಾಕಿದೆ. ಹೊದಿಕೆ ಸ್ವಚ್ಛವಾಗಿತ್ತು. ಆಮೇಲೆ ಬಾಗಿಲ ಕಡೆ ತಿರುಗಿ, ತೀರಿಹೋದ ನಮ್ಮ ಮಾವ ಬಂದಿದ್ದಾರೆ, ಕಾಲಿಗೆ ನೀರು ಕೊಡು ಎಂದರು. ಬೇರೇನೂ ತೋಚದೆ ನಾನು ನಿಜಕ್ಕೂ ಚೊಂಬಿನಲ್ಲಿ ನೀರು ತಂದಿಟ್ಟೆ. ಪಿಯುಸಿ ಓದುತ್ತಿದ್ದ ಮಗಳು ಎದ್ದುಬಂದರೆ ಅವಳನ್ನು ನೋಡಿ, "ನೀವು ಯಾರ ಮನೆಯವರಮ್ಮ?" ಎಂದರು. ಅವಳು ಗೋಡೆಗೆ ಒರಗಿ ಅಲ್ಲೇ ಕೂತುಬಿಟ್ಟಳು. ಇವರ ಮೈ ಕೆಂಡದಂತೆ ಸುಡುತ್ತಿತ್ತು. ಪಕ್ಕದ ಮನೆಯಾಕೆ ಗಾಳಿ ಸೋಕಿದೆ ಎಂದು ಕುಂಕುಮ ತಂದರು. ಭಾವನಿಗೆ ಮತ್ತೆ ಫೋನ್ ಮಾಡಿದೆ. "ಆಸ್ಪತ್ರೆಗೆ ಹೋದರೆ ಕುಡುಕ ಅಂತ ಚೀಟಿಯಲ್ಲೇ ಬರೀತಾರೆ. ಮನೆ ಮರ್ಯಾದೆ ನೋಡು. ಬೆಳಗಾಗಲಿ, ನಾನೇ ಬರ್ತೀನಿ."

ಬೆಳಗಾಗುವವರೆಗೆ ನಾನು ಕಾಯಲಿಲ್ಲ. ಬೀದಿಯ ಆಟೋದವರನ್ನು ಎಬ್ಬಿಸಿ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗಿ. ನನ್ನ ಕಥೆ ಮುಗಿಯುವ ಮುಂಚೆಯೇ "ಕೊನೇ ಸಲ ಕುಡಿದದ್ದು ಯಾವಾಗ?" ಎಂದಳು. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರಂತೆ. ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಅದಕ್ಕೂ ಮೊದಲೇ ಫಿಟ್ಸ್ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ನಿದ್ದೆ ಬರಿಸುವ ಔಷಧಿ, ಬಿ1 ವಿಟಮಿನ್ ಇಂಜೆಕ್ಷನ್, ಡ್ರಿಪ್ ಕೊಟ್ಟರು. ಮಗಳ ಗುರುತು ಸಿಕ್ಕಿದ್ದು ಎಷ್ಟೋ ಹೊತ್ತಿನ ಮೇಲೆ.

ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಫೋನ್ ನಂಬರು ಸಿಕ್ಕಿದ್ದು ವಾರ್ಡಿನ ಕೌನ್ಸೆಲರ್‌ರಿಂದ. ಸಭೆ ಒಂದು ಚರ್ಚಿನ ಹಿಂದಿನ ಕೊಠಡಿಯಲ್ಲಿ. ಇದು ಗೊತ್ತಾದದ್ದೇ ತಡ, ಭಾವ ಮತಾಂತರ ಎಂದು ನೆಂಟರಲ್ಲೆಲ್ಲ ಸುದ್ದಿ ಹಬ್ಬಿಸಿದರು. ಅಲ್ಲಿದ್ದದ್ದು ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕಿನಲ್ಲಿ ಟೀ. ಫೀಸು ಇಲ್ಲ, ಯಾವ ಜಾತಿ ಎಂದು ಕೇಳಲಿಲ್ಲ, ಪೂರ್ತಿ ಹೆಸರೂ ಬೇಡ. ಕುಡಿತ ಬಿಡುವ ಆಸೆ ಇದ್ದರೆ ಸಾಕು ಎನ್ನುವುದು 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್ ಶುರು ಮಾಡಿದ ಈ ಸಂಘದ ಕಟ್ಟಳೆ. ಇಬ್ಬರೂ ಕುಡಿತಕ್ಕೆ ಸಿಕ್ಕಿ ಬಳಲಿದವರೇ. ನಮ್ಮವರು ಮೊದಲ ಸಭೆಗಳಲ್ಲಿ ತುಟಿ ಬಿಚ್ಚಲಿಲ್ಲ. ಒಬ್ಬ ಬಸ್ ಕಂಡಕ್ಟರ್ ಎದ್ದು ನಿಂತು, ಅಕ್ಕಿ ಡ್ರಮ್ಮಿನ ತಳದಲ್ಲಿ ಕ್ವಾರ್ಟರ್ ಬಚ್ಚಿಡುತ್ತಿದ್ದದ್ದನ್ನು ಹೇಳಿದ ದಿನ ಇವರೂ ಎದ್ದರು. ನಮ್ಮ ಮನೆಯಲ್ಲಿ ಅದು ರಾಗಿ ಹಿಟ್ಟಿನ ಡಬ್ಬ.

ಹೊರಗೆ ಕಾಯುತ್ತಿದ್ದ ನನ್ನನ್ನು ಒಬ್ಬ ಹಿರಿಯಾಕೆ "ಬನ್ನಮ್ಮ, ನಮ್ಮದೇ ಬೇರೆ ಸಭೆ ಇದೆ" ಎಂದು ಪಕ್ಕದ ಕೋಣೆಗೆ ಕರೆದರು. ಕುಡಿಯುವವರ ಮನೆಮಂದಿಯ ಅಲ್-ಅನಾನ್ ಅದು, ಎ.ಎ. ಶುರು ಮಾಡಿದವರಲ್ಲಿ ಒಬ್ಬರ ಹೆಂಡತಿ ಲೋಯಿಸ್, ಗೆಳತಿಯೊಬ್ಬರ ಜೊತೆ 1951ರಲ್ಲಿ ಕಟ್ಟಿದ್ದು. ಯಜಮಾನರು ಎಷ್ಟು ಕುಡಿಯುತ್ತಿದ್ದರು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಿಮಗೆ ನಿದ್ದೆ ಬರುತ್ತದಾ ಎಂದು ಕೇಳಿದರು. ಯಜಮಾನರ ಆಫೀಸಿಗೆ ಫೋನ್ ಮಾಡಿ ಜ್ವರ ಎಂದು ಸುಳ್ಳು ಹೇಳುವುದನ್ನೂ, ಬಾಗಿಲಲ್ಲೇ ಬಾಯಿ ಮೂಸಿ ನೋಡುವುದನ್ನೂ ಬಿಟ್ಟದ್ದು ಈ ಹೆಂಗಸರ ಜೊತೆ ಕೂತು.

ಸಹಾಯ ಹುಡುಕುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ಕಡೆಯವರಿಗೆ ನಿಮ್ಹಾನ್ಸ್ ಇದೆ. ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರ ನಡೆಸುತ್ತಾರೆ, ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಇರುತ್ತದೆ. ಎ.ಎ. ಸಭೆಯ ದಿನ, ಹೊತ್ತು ಬದಲಾಗುತ್ತಿರುತ್ತದೆ, ವಿಚಾರಿಸಿಕೊಂಡು ಹೊರಡಿ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಕುಡಿತ ಬಿಡಿಸಲು ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಎಂದು ಮಾರುವ ಪುಡಿ, ಮಾತ್ರೆಗಳನ್ನು ದಯವಿಟ್ಟು ಮುಟ್ಟಬೇಡಿ. ಅದರಲ್ಲಿ ಡೈಸಲ್ಫಿರಾಂ ಎಂಬ ಔಷಧಿ ಇದ್ದು, ತಿಳಿಯದೆ ಅವರು ಕುಡಿದುಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬರಬಹುದು.

ಭಾವನ ಪ್ರಕಾರ ತಮ್ಮನ ಕುಡಿತ ಬಿಟ್ಟುಹೋದದ್ದು ಅವರು ಇಡಿಸಿದ ಆಣೆಯಿಂದ. ದೇವಸ್ಥಾನಕ್ಕೆ ನಾನೂ ಹೋಗುತ್ತೇನೆ, ಹಣ್ಣುಕಾಯಿ ಮಾಡಿಸುತ್ತೇನೆ. ಆದರೆ ಆ ರಾತ್ರಿ ಆಸ್ಪತ್ರೆ ಬೇಡ ಅಂದದ್ದು ಅವರು, ಮತಾಂತರ ಅಂದದ್ದೂ ಅವರೇ. ಯುಗಾದಿಯ ದಿನ ಎಲೆ ಮುಂದೆ ಕೂತಿದ್ದಾಗ ಇಷ್ಟನ್ನೂ ಅವರ ಮುಖಕ್ಕೇ ಹೇಳಿದೆ. ಅರ್ಧಕ್ಕೇ ಎದ್ದು ಹೋದರು. ಆಮೇಲೆ ನಮ್ಮ ಮನೆಗೆ ಬಂದಿಲ್ಲ, ನಾನಾಗಿ ಕರೆದೂ ಇಲ್ಲ.