ತಡ ಎಲ್ಲಿ ಆಗುತ್ತದೆ? ಸ್ತನ ಕ್ಯಾನ್ಸರ್ ಚಿಕಿತ್ಸೆ ಮತ್ತು ಕಾಸರಗೋಡಿನ ಬೇಡಿಕೆ

ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ರಸ್ತೆಯಲ್ಲಿ ಮುಳ್ಳೇರಿಯವಿದೆ. ಸ್ತನದಲ್ಲಿ ಗಂಟು ಕಂಡ ಇಲ್ಲಿನ ಮಹಿಳೆ ತಜ್ಞರನ್ನು ಕಾಣಲು ಕಾಸರಗೋಡು ಪೇಟೆಗೆ ಇಳಿಯಬೇಕು, ಇಲ್ಲವೇ ಗಡಿ ದಾಟಿ ಮಂಗಳೂರಿಗೆ ಹೋಗಬೇಕು. ರೋಗ ಖಚಿತವಾಗಿ ಸರಕಾರಿ ವ್ಯವಸ್ಥೆಯಲ್ಲಿಯೇ ಪೂರ್ಣ ಚಿಕಿತ್ಸೆ ಬೇಕೆಂದಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ನೂರು ಕಿಲೋಮೀಟರಿಗೂ ಆಚೆ ಇದೆ; 1981ರಲ್ಲಿ ಆರಂಭವಾದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದರೋ ರಾಜ್ಯದ ಇನ್ನೊಂದು ತುದಿಯ ತಿರುವನಂತಪುರದಲ್ಲಿ. ಕೀಮೊ ಚಿಕಿತ್ಸೆಗೆ ಒಮ್ಮೆ ಹೋಗಿ ಬಂದರೆ ಮುಗಿಯುವುದಿಲ್ಲ, ವಾರಗಳ ಅಂತರದಲ್ಲಿ ತಿಂಗಳುಗಟ್ಟಲೆ ಹೋಗಬೇಕಾಗುತ್ತದೆ. ದಿನಗೂಲಿಯ ಮನೆಯೊಂದಕ್ಕೆ ಈ ದೂರವೇ ಚಿಕಿತ್ಸೆಯನ್ನು ಅರ್ಧದಲ್ಲಿ ಕೈಬಿಡುವ ಕಾರಣವಾಗಬಲ್ಲದು.

ಚಿಕಿತ್ಸೆ ಹತ್ತಿರ ಬರಬೇಕೆಂಬ ಬೇಡಿಕೆ ಈ ಜಿಲ್ಲೆಗೆ ಹೊಸದಲ್ಲ. ಮುಳ್ಳೇರಿಯವನ್ನೊಳಗೊಂಡ ಕಾರಡ್ಕ ಪಂಚಾಯತು ಎಂಡೋಸಲ್ಫಾನ್ ಬಾಧಿತ ಪಂಚಾಯತುಗಳ ಪಟ್ಟಿಯಲ್ಲಿದೆ; ಮನವಿ, ಧರಣಿ, ನ್ಯಾಯಾಲಯ ಎಂಬ ದಾರಿಗಳನ್ನು ಇಲ್ಲಿನ ಜನ ಆ ಹೋರಾಟದಲ್ಲಿಯೇ ಕಂಡುಕೊಂಡರು. ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ, ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ. ನಡುವೆ 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿತು. ಮಂಗಳೂರನ್ನೇ ನಂಬಿದ್ದ ರೋಗಿಗಳು ರಸ್ತೆಯಲ್ಲಿ ಉಳಿದರು, ಕೆಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳ ವಾಹನಗಳಿಗೆ ದಾರಿ ಬಿಡಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶ ನೀಡಬೇಕಾಯಿತು. 2022ರ ಅಕ್ಟೋಬರಿನಲ್ಲಿ ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ, ಕಾಸರಗೋಡಿಗೆ ಏಮ್ಸ್ ಮತ್ತು ತಜ್ಞ ಚಿಕಿತ್ಸೆ ಬೇಕೆಂದು ತಿರುವನಂತಪುರದ ಸಚಿವಾಲಯದ ಮುಂದೆ ಎರಡು ವಾರ ಮೀರಿ ಉಪವಾಸ ಕುಳಿತರು.

ಇವೆಲ್ಲ ಕಟ್ಟಡವನ್ನೂ ದಾರಿಯನ್ನೂ ಕೇಳಿದ ಬೇಡಿಕೆಗಳು. ಸ್ತನ ಕ್ಯಾನ್ಸರಿನ ವಿಷಯದಲ್ಲಿ ದಿನಗಳನ್ನೂ ಕೇಳಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮೂರು ಗುರಿಗಳನ್ನು ಮುಂದಿಟ್ಟಿತು: ನೂರರಲ್ಲಿ ಕನಿಷ್ಠ 60 ಪ್ರಕರಣಗಳು ಮೊದಲ ಎರಡು ಹಂತಗಳಲ್ಲಿಯೇ ಪತ್ತೆಯಾಗಬೇಕು, ಮಹಿಳೆ ಮೊದಲ ಬಾರಿ ಆರೋಗ್ಯ ಕೇಂದ್ರಕ್ಕೆ ಬಂದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು, ನೂರರಲ್ಲಿ 80 ಮಂದಿಯಾದರೂ ಚಿಕಿತ್ಸೆಯನ್ನು ಪೂರ್ತಿಗೊಳಿಸಬೇಕು. ಬೇಡಿಕೆಯ ಪತ್ರ ಬರೆಯುವವರಿಗೆ ಈ ಲೆಕ್ಕ ಬಹಳ ಉಪಯುಕ್ತ. ‘ಉತ್ತಮ ಸೌಲಭ್ಯ ಒದಗಿಸಬೇಕು’ ಎಂಬ ವಾಕ್ಯಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಬಯಾಪ್ಸಿಯ ವರದಿ ಎಷ್ಟು ದಿನಗಳಲ್ಲಿ ಕೈಗೆ ಸಿಗುತ್ತದೆ?’ ಎಂಬ ಪ್ರಶ್ನೆಗೆ ಸಂಖ್ಯೆಯಲ್ಲಿಯೇ ಉತ್ತರಿಸಬೇಕಾಗುತ್ತದೆ.

ಆದರೆ ಆ 60 ದಿನಗಳ ಎಣಿಕೆ ಆಕೆ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದ ಮೇಲೆ ಶುರುವಾಗುವಂಥದು. ಅದಕ್ಕೂ ಮೊದಲಿನ ತಡವನ್ನು ಯಾರೂ ಎಣಿಸುವುದಿಲ್ಲ. ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇದನ್ನೇ. ಹಳಗನ್ನಡ ಕಾವ್ಯಗಳಲ್ಲಿಯೂ ವಚನಗಳಲ್ಲಿಯೂ ಸಂಕೋಚವಿಲ್ಲದೆ ಬಂದ ‘ಮೊಲೆ’ ಎಂಬ ಪದ ಇಂದು ಸಭ್ಯ ಮಾತಿನಿಂದ ಹೊರಗುಳಿದಿದೆ. ‘ಸ್ತನ’ ಪುಸ್ತಕದ ಮಾತು. ಉಳಿದದ್ದು ‘ಎದೆ’; ‘ಎದೆಯಲ್ಲಿ ಏನೋ ಇದೆ’ ಎಂದರೆ ಕೇಳುವವನ ಮನಸ್ಸು ಹೃದಯದ ಕಡೆಗೆ ಹೋಗುತ್ತದೆ. ಇನ್ನು ‘ನೋವು’: ಆಡುಮಾತಿನಲ್ಲಿ ಕಾಯಿಲೆಯ ಗುರುತೇ ಅದು. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೆಂಬುದು ನಿಜ. ಕ್ಯಾನ್ಸರಿನ ಗಂಟು ಮೊದಮೊದಲು ಅನೇಕರಲ್ಲಿ ನೋಯುವುದಿಲ್ಲವೆಂಬುದೂ ಅಷ್ಟೇ ನಿಜ. ‘ನೋವಿಲ್ಲವಲ್ಲ, ನೋಡುವಾ’ ಎಂಬ ಸಮಾಧಾನದಲ್ಲಿ ಒಂದು ಅಡಿಕೆ ಕೊಯ್ಲೇ ಕಳೆದುಹೋಗಬಹುದು.

ಕೇರಳ ಸರಕಾರ 2025ರ ಫೆಬ್ರವರಿ 4ರಂದು ಮಹಿಳೆಯರ ತಪಾಸಣೆಗಾಗಿ ಆರಂಭಿಸಿದ ಅಭಿಯಾನದ ಹೆಸರು ‘ಆರೋಗ್ಯಂ ಆನಂದಂ, ಅಗಟ್ಟಾಂ ಅರ್ಬುದಂ’. ಮಲಯಾಳದ ಆ ಕ್ರಿಯಾಪದ ಕನ್ನಡದ ‘ಅಗಲು’ ಪದದ ಬಳಗದ್ದು. ದೂರ ಸರಿಸೋಣ ಎಂದರ್ಥ. ‘ಅರ್ಬುದ’ ಮಲಯಾಳದಲ್ಲಿ ಬಳಕೆಯ ಮಾತು, ಕನ್ನಡದಲ್ಲಿ ನಿಘಂಟಿನ ಪದ. ಎರಡೂ ಭಾಷೆ ಬಲ್ಲವರಿಗೆ ತೊಡಕಿಲ್ಲ. ಕನ್ನಡ ಶಾಲೆಯಲ್ಲಿ ನಾಲ್ಕು ತರಗತಿ ಓದಿ, ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡುವ ಅರುವತ್ತರ ಹೆಂಗಸಿಗೆ ಅಂಥ ಫಲಕ ತನ್ನನ್ನೇ ಕರೆಯುತ್ತಿದೆಯೆಂದು ತಿಳಿಯುವುದು ಹೇಗೆ? 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಬಹುದು, ಉತ್ತರವನ್ನೂ ಕನ್ನಡದಲ್ಲಿಯೇ ಪಡೆಯಬಹುದು. ಈ ಹಕ್ಕು ಶಾಲೆ, ನೇಮಕಾತಿಗಳ ವಿವಾದಗಳಲ್ಲಿ ನೆನಪಾಗುವಷ್ಟು ಆಸ್ಪತ್ರೆಯ ಚೀಟಿಯ ಮುಂದೆ ನೆನಪಾಗುವುದಿಲ್ಲ.

ಹಾಗಾದರೆ ಮುಳ್ಳೇರಿಯದಂಥ ಊರು ಏನನ್ನು ಕೇಳಬೇಕು? ಊರೂರಿಗೆ ಮ್ಯಾಮೋಗ್ರಾಮ್ ಯಂತ್ರ ಎಂಬುದು ಕಿವಿಗೆ ಇಂಪಾದ ಬೇಡಿಕೆ, ನಡೆಯುವಂಥದಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದಾಗ 50 ದಾಟಿದವರಲ್ಲಿ ಈ ರೋಗದಿಂದಾಗುವ ಸಾವು ಸುಮಾರು ಶೇಕಡಾ 30ರಷ್ಟು ಇಳಿದಿತ್ತು. ಅದಕ್ಕಿಂತ ಕಿರಿಯರಲ್ಲಿ ಅಂಥ ಇಳಿಕೆ ಕಾಣಲಿಲ್ಲವೆಂಬುದನ್ನೂ ಮರೆಮಾಚುವಂತಿಲ್ಲ. ಪರೀಕ್ಷಿಸುವ ಕೈಗಳನ್ನು ಊರಿನ ಆರೋಗ್ಯ ಕೇಂದ್ರದಲ್ಲಿಯೇ ಸಿದ್ಧಗೊಳಿಸಬಹುದು. ಆ ಕೈಗಳಿಗೆ ಗಂಟು ಸಿಕ್ಕಿದ ಮೇಲೆ ಬಯಾಪ್ಸಿ ಎಲ್ಲಿ, ಯಾವ ದಿನ, ಹೋಗಿಬರುವ ಖರ್ಚು ಯಾರದು ಎಂಬುದನ್ನು ಬರೆದ ಕನ್ನಡದ ಚೀಟಿಯೊಂದು ಆಕೆಯ ಕೈಗೆ ಅಂದೇ ಸೇರಬೇಕು.